ದುರ್ಗಯ್ಯನವರ ಮಸೆಗಲ್ಲು

ದುರ್ಗಯ್ಯನವರನ್ನು ವನಜಾಕ್ಷಿ ಮೊದಲು ಕಂಡದ್ದು ಅವರು ಮಗನಿಗೆ ಹೆಣ್ಣು ನೋಡಲು ನೊಣವಿನಕೆರೆಗೆ ಬಂದ ದಿನ. ತಟ್ಟೆಯಲ್ಲಿ ಜಜ್ಜಿಹೋಗಿದ್ದ ಪರಂಗಿಹಣ್ಣಿನ ಹೋಳುಗಳನ್ನು ನೋಡಿದವರೇ, ಹುಡುಗಿಯ ಹೆಸರನ್ನೂ ಕೇಳದೆ, "ಆ ಚಾಕು ತತ್ತಾರವ್ವ" ಎಂದು ಜೇಬಿನಿಂದ ಮಸೆಗಲ್ಲು ತೆಗೆದರು. ಸೊಸೆಯಾಗಿ ಬಂದ ಮೇಲೆ ಅವಳಿಗೆ ಇದು ನಿತ್ಯದ ಕಾಟವಾಯಿತು. ಗ್ರಾನೈಟ್ ಕಟ್ಟೆಯ ಮೇಲೆ ಈರುಳ್ಳಿ ಹೆಚ್ಚಿದರೆ, "ಕಲ್ಲಿಗೆ ತಾಕ್ಸಿದ್ರೆ ಅದರ ಬಾಯಿ ಹೋಯ್ತದೆ ಕಣವ್ವಾ" ಎಂದು ನಡುಮನೆಯಿಂದಲೇ ಕೂಗುವರು. ಚಾಕುವನ್ನು ಒರೆಸದೆ ಇಟ್ಟರೆ ಆ ಹೊತ್ತಿನ ಊಟವೇ ಅವರಿಗೆ ರುಚಿಸದು. ತಿಪಟೂರಿನಲ್ಲಿ ಎಳನೀರಿನವನ ಮಚ್ಚು ಮೊಂಡಾಗಿ ಕಂಡರೆ, ಬಾಯಾರಿದ್ದರೂ ಕುಡಿಯದೆ ಅದನ್ನು ಮಸೆಯಲು ಕೂರುವರು. ಇಂಥವರ ಮನೆಯಲ್ಲಿ ಅತ್ತೆ ಸಿದ್ದಕ್ಕನ ಈಳಿಗೆಮಣೆ ಮಾತ್ರ ಬೆಣ್ಣೆಯನ್ನೂ ಕೊಯ್ಯದಷ್ಟು ಮೊಂಡು! "ಊರೋರ ಚಾಕೆಲ್ಲ ಮಸೀತೀರ, ನನ್ನ ಈಳಿಗೆ ಏನ್ರೀ ಪಾಪ ಮಾಡಿತ್ತು?" ಎಂದು ಸಿದ್ದಕ್ಕ ರೇಗಿದರೆ, "ನಾಳೆ ನೋಡಾನ ಬುಡು" ಎಂಬುದೇ ಉತ್ತರ. ಇದನ್ನು ಕೇಳಿ ಕೇಳಿ ರೋಸಿಹೋದ ವನಜಾಕ್ಷಿ ಒಂದು ಬೆಳಿಗ್ಗೆ ಈಳಿಗೆಯನ್ನು ತಾನೇ ಮಸೆಯಲು ಕುಳಿತಳು. ಮಾವ ಓಡಿಬಂದು ಕಲ್ಲನ್ನು ಕಿತ್ತುಕೊಂಡು, ಅತ್ತೆಗೆ ಕೇಳಿಸದಂತೆ ಹೇಳಿದರು: "ಬ್ಯಾಡ ಕಣವ್ವ. ಸಕ್ಕರೆ ಕಾಯ್ಲೆ ಬಂದ್ಮೇಲೆ ನಿಮ್ಮತ್ತೆ ಬೆರಳಲ್ಲಿ ಸ್ಪರ್ಶನೇ ಇಲ್ಲ, ಕುಯ್ಕಂಡ್ರೂ ಗೊತ್ತಾಗಲ್ಲ. ಹಂಗಂತ ಅಡುಗೆಮನೆ ಬುಡು ಅಂದ್ರೆ ಅವ್ಳು ಬದುಕ್ತಾಳಾ?" ಈಗ ದಿನವೂ ಸಿದ್ದಕ್ಕ ಈಳಿಗೆಯನ್ನು ಬೈದು ಪಕ್ಕಕ್ಕೆ ತಳ್ಳುತ್ತಾರೆ, ದುರ್ಗಯ್ಯನವರು ಎದುರು ಕೂತು ಹುರುಳಿಕಾಯಿ ಹೆಚ್ಚುತ್ತಾರೆ. ಹೋಳು ದಪ್ಪವಾಯಿತೆಂದು ಆಕೆ ಗದರುತ್ತಾರೆ. ಅವರು ಇನ್ನಷ್ಟು ಸಣ್ಣಗೆ ಹೆಚ್ಚುತ್ತಾರೆ.