ಬಾಗಿಲು ಅಳೆಯಲು ಬಂದವರು

೧೯೭೮ನೇ ಇಸವಿ. ನಾನು ಚೊಚ್ಚಲ ಬಸುರಿ. ತವರು ಹೊನ್ನಾಳಿ ಕಡೆಯ ಸಾಸ್ವೆಹಳ್ಳಿ. ಕೊಟ್ಟದ್ದು ಜಗಳೂರು ಹತ್ತಿರದ ಒಂದು ಹಳ್ಳಿಗೆ. ಮಣ್ಣಿನ ಗೋಡೆಯ ಗುಡಿಸಲು. ಬಾಗಿಲು ಎಷ್ಟು ಇಕ್ಕಟ್ಟೆಂದರೆ ಬಗ್ಗಿ, ಅಡ್ಡ ತಿರುಗಿ ಒಳಗೆ ಹೋಗಬೇಕು. ಆದರೂ, ತವರಲ್ಲಿ ಬಾಣಂತನ ಮಾಡುವವರಿಲ್ಲದ ನನಗೆ ನನ್ನದು ಅನ್ನುವ ಮನೆ ಅದೊಂದೇ.

ಒಂದು ದಿನ ನಮ್ಮ ಕೇರಿಯ ನಾಲ್ಕು ಹೆಂಗಸರು ಬಂದರು. ಮುಂದೆ ಸೂಲಗಿತ್ತಿ ದುರುಗವ್ವ. ನನ್ನನ್ನು ಮಾತಾಡಿಸುವ ಮೊದಲೇ ಹಗ್ಗ ಹಿಡಿದು ಬಾಗಿಲು ಅಳೆದರು! ಆಮೇಲೆ ನನ್ನ ಪಾದ ಒತ್ತಿ, ಬಾವು ಇದೆಯೇ ಎಂದು ನೋಡಿದರು.

“ಯಾಕೆ ದುರುಗವ್ವ, ಅಳತೆ?” ಅಂದೆ.

“ಈ ಬಾಗ್ಲು ಸಾಲಲ್ಲವ್ವ. ಒಡೆದು ಅಗಲ ಮಾಡ್ತೀವಿ. ಮಣ್ಣು, ಕೆಲಸ ಎಲ್ಲಾ ನಮ್ದೇ.”

“ಯಾಕೆ ಸಾಲಲ್ಲ? ನಾವೇನು ಆನೆ ಸಾಕೀವಾ?”

ಕಾರಣ ಹೇಳದೆ ಹಗ್ಗ ಸುತ್ತಿಕೊಂಡು ಹೊರಟರು.

ಎಮರ್ಜೆನ್ಸಿ ಮುಗಿದು ವರ್ಷವಾಗಿದ್ದರೂ, ಮಕ್ಕಳಾಗದ ಆಪರೇಷನ್ನಿಗೆ ಹಿಡಿದುಕೊಂಡು ಹೋಗುತ್ತಾರೆಂಬ ದಿಗಿಲು ಇನ್ನೂ ಇತ್ತು. ನಮ್ಮ ಜಾಗಕ್ಕೆ ಪಟ್ಟಾ ಬೇರೆ ಇರಲಿಲ್ಲ. ಬಿಟ್ಟಿ ಗೋಡೆ ಕಟ್ಟಿಕೊಡುವವರು ಯಾರಿದ್ದಾರೆ? ಒಡೆದು ಹಾಗೇ ಬಿಟ್ಟರೆ? ದುರುಗವ್ವನ ಕಣ್ಣು ನನ್ನ ಜಾಗದ ಮೇಲೆ ಬಿದ್ದಿದೆ ಅಂತಲೇ ತೀರ್ಮಾನಿಸಿದೆ. “ಒಳ್ಳೇ ಮಂದಿ ಕಣೇ” ಎಂದ ಯಜಮಾನರಿಗೂ, “ನಿಮಗೇನು ಗೊತ್ತಾಗುತ್ತೆ, ಸುಮ್ನಿರ್ರಿ” ಎಂದು ಬಾಯಿ ಮುಚ್ಚಿಸಿದೆ. ಆ ಹೆಂಗಸರು ಮತ್ತೆ ಬಂದರು; ಬೈದು ಕಳಿಸಿದೆ. ಮೂರನೇ ಸಲ ಪೊರಕೆ ಹಿಡಿದೇ ನಿಂತೆ.

ನೋವು ಶುರುವಾದ ಎರಡನೇ ದಿನ ಬೆಳಿಗ್ಗೆ ಯಜಮಾನರು ನನ್ನ ಮಾತು ಕೇಳದೆ ದುರುಗವ್ವನನ್ನೇ ಕರೆತಂದರು. ಅವಳು ಹೊಟ್ಟೆ ಮುಟ್ಟಿ ನೋಡಿ, “ಕೂಸು ಅಡ್ಡ ಐತೆ, ನನ್ ಕೈಲಿ ಆಗಲ್ಲ. ಜಗಳೂರಿಗೆ ಒಯ್ಯಬೇಕು” ಅಂದಳು. ನನಗೆ ಕಾಲೂರಲು ತ್ರಾಣವಿರಲಿಲ್ಲ. ನನ್ನನ್ನು ಮಲಗಿಸಿ ಹೊರಲು ಕೇರಿಯವರು ಹಗ್ಗದ ಹೊರಸು ತಂದರು; ಬಾಗಿಲಲ್ಲಿ ತೂರಲಿಲ್ಲ. ಕಂಬಳಿಯಲ್ಲಿ ಎತ್ತಿದರೆ ಮೈ ಮಡಚಿ ಜೀವವೇ ಹೋದಂತಾಯಿತು. ಆಗ ಗೋಡೆಗೆ ಗುದ್ದಲಿ ಏಟು ಬಿತ್ತು.

ಆ ನೋವಿನಲ್ಲೂ ನಾನು ಕೂಗಿದ್ದೇನು ಗೊತ್ತೇ? “ಅಯ್ಯಯ್ಯೋ, ನನ್ ಮನಿ ಬೀಳಸ್ತಾರೆ, ಹಿಡೀರಿ!”

“ಮನಿ ಇನ್ನೊಂದು ಕಟ್ಟಾಕೆ ಬರುತ್ತೆ, ಸುಮ್ನಿರೇ ಹುಚ್ಚಿ!” ಎಂದು ದುರುಗವ್ವ ಗದರಿದಳು.

ಎತ್ತಿನ ಗಾಡಿಯಲ್ಲಿ ಜಗಳೂರು, ಅಲ್ಲಿಂದ ಜೀಪಿನಲ್ಲಿ ದಾವಣಗೆರೆ. ಹೊಟ್ಟೆ ಕುಯ್ದು ಮಗಳನ್ನು ತೆಗೆದರು. ದೇವರ ದಯೆ, ಇಬ್ಬರೂ ಉಳಿದೆವು.

ಹದಿನೈದು ದಿನ ಬಿಟ್ಟು ಬಂದರೆ ಗೋಡೆ ಎದ್ದಿತ್ತು. ಅಗಲವಾದ ಬಾಗಿಲ ಪಕ್ಕದ ಮಣ್ಣು ಇನ್ನೂ ಹಸಿಯಾಗಿತ್ತು. ನನ್ನ ಬುದ್ಧಿ ನೋಡಿ, ಆಗಲೂ ಮೊದಲು ಎಣಿಸಿದ್ದು ಒಳಗಿನ ಪಾತ್ರೆಗಳನ್ನು. ಒಂದೂ ಕಮ್ಮಿಯಾಗಿರಲಿಲ್ಲ.

ಮರುದಿನ ದುರುಗವ್ವ ಬಂದು ಕೂಸಿಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. “ಅವತ್ತೇ ಯಾಕೆ ಬಿಡಿಸಿ ಹೇಳ್ಲಿಲ್ಲ?” ಎಂದು ಕೇಳಿದೆ.

“ಹೋದ ವರ್ಷ ನನ್ ಮಗಳಿಗೂ ಹಿಂಗೇ ಆತು. ಹೊರಸು ಬಾಗ್ಲು ದಾಟಲಿಲ್ಲ. ಗ್ವಾಡೆ ಒಡಿಯಾಕೆ ಯಾರಿಗೂ ಹೊಳೀಲಿಲ್ಲ. ಒಳಗೇ ಜೀವ ಹೋತು. ಅದಕ್ಕೇ ಬಸುರಿ ಇರೋ ಮನೆ ಮನೆಗೂ ಹೋಗ್ತೀವಿ. ಆದ್ರೆ ಹೆರೋಳ ಮುಂದೆ ಇಂಥ ಸಾವಿನ ಮಾತು ಹೆಂಗೆ ಆಡ್ಲವ್ವ?” ಅಂದಳು. ಅವಳ ಕೈ ಮಾತ್ರ ಕೂಸಿನ ಬೆನ್ನು ನೀವುತ್ತಲೇ ಇತ್ತು.

ನನ್ನ ಅನುಮಾನದ ಬುದ್ಧಿ ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಈಗಲೂ ಹೊಸಬರು ಬಂದರೆ ಮೇಲೆ ಕೆಳಗೆ ನೋಡುತ್ತೇನೆ. ಆದರೆ ಮಗಳನ್ನು ಕಳೆದುಕೊಂಡ ತಾಯಿ, ಬೇರೆಯವರ ಮಗಳಾದರೂ ಬದುಕಲಿ ಎಂದು ಬಂದಾಗ ಬೈದು ಕಳಿಸಿದೆನಲ್ಲ, ಅದಕ್ಕೆ ಇವತ್ತಿಗೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಅಂದು ತಪ್ಪಾಯಿತು ಅಂತಲೂ ಅನ್ನದೆ ದುರುಗವ್ವನ ಮುಂದೆ ಕೂತು ಅತ್ತುಬಿಟ್ಟೆ.