ಗಿರಿಜಕ್ಕನ ಆರು ಮಾತು

ಪರ್ಕಳದ ಮೀನು ಮಾರ್ಕೆಟಿನಲ್ಲಿ ಗಿರಿಜಕ್ಕ ಕೂಗಿದರೆ ರಸ್ತೆಯಾಚೆಯ ಬಸ್ ಸ್ಟಾಪಿನಲ್ಲಿ ನಿಂತವರೂ ತಿರುಗಿ ನೋಡುತ್ತಿದ್ದರು. ಅದೇ ಗಿರಿಜಕ್ಕ ರಂಗದ ಮೇಲೆ ಬಾಯಿ ತೆರೆದರೆ ಮಾತು ಮೂರನೆಯ ಸಾಲಿನ ಕುರ್ಚಿಗೂ ತಲುಪುತ್ತಿರಲಿಲ್ಲ.

ಕಾಪುವಿನವರು. ಪ್ರಾಯ ಐವತ್ತರ ಹತ್ತಿರ. ಬೆಳಿಗ್ಗೆ ಬಂದರಿನಿಂದ ಮೀನು ತಂದು ಕುಳಿತರೆ ಮಧ್ಯಾಹ್ನ ಒಂದರ ತನಕ ವ್ಯಾಪಾರ. ಕಿವಿರು ಎತ್ತಿ ನೋಡಿ ಮುಖ ಸಿಂಡರಿಸುವ ನಿವೃತ್ತ ಹೆಡ್‌ಮಾಸ್ಟರು, ಬೂತಾಯಿ ಮೀನನ್ನು ಬೆರಳ ತುದಿಯಲ್ಲಿ ಮುಟ್ಟಿ ಬೆಚ್ಚುವ ಮಣಿಪಾಲದ ಕಾಲೇಜು ಹುಡುಗಿಯರು, ಎಲ್ಲರನ್ನೂ ಅವರು ಅತ್ತ ಹೋದ ಕೂಡಲೇ ಗಿರಿಜಕ್ಕ ಇದ್ದ ಹಾಗೇ ಅನುಕರಿಸಿ ತೋರಿಸುತ್ತಿದ್ದರು. ನಾನು ಬಂಗುಡೆ ಕೊಳ್ಳಲು ಹೋಗಿ ನಗುತ್ತಾ ನಿಂತುಬಿಡುತ್ತಿದ್ದೆ.

ಒಂದು ದಿನ ಮೀನು ಕಟ್ಟಿಕೊಡುತ್ತಾ ಕೇಳಿದರು: "ಶೋಭಾ, ನೀನು ನಾಟಕ ಮಾಡುವವಳಲ್ವಾ? ನನ್ನನ್ನೂ ಒಂದು ಸಲ ಸೇರಿಸು ಮಾರಾಯ್ತಿ. ಸಣ್ಣವಳಿರುವಾಗಿಂದ ಆಸೆ ಉಂಟು."

ನಮ್ಮದು ಮಣಿಪಾಲದ ಸಣ್ಣ ಹವ್ಯಾಸಿ ತಂಡ. ನಿರ್ದೇಶಕರು ಪ್ರಭಾಕರ ಮಾಷ್ಟ್ರು. ಅವರಿಗೆ ವಿಷಯ ಕೇಳಿಯೇ ಖುಷಿಯಾಯಿತು. ಉಡುಪಿಯ ನಾಟಕ ಸ್ಪರ್ಧೆಗೆ ಒಂದು ಕೋರ್ಟಿನ ಕಥೆ ಎತ್ತಿಕೊಂಡಿದ್ದೆವು. ನಾನು ವಕೀಲೆ. ಕೊಲೆಯನ್ನು ಕಣ್ಣಾರೆ ಕಂಡ ಮೀನುಗಾರ್ತಿಯ ಪಾತ್ರ ಗಿರಿಜಕ್ಕನಿಗೆ. ಒಟ್ಟು ಆರು ಮಾತು.

ಭಾನುವಾರ ಬೇಗ ವ್ಯಾಪಾರ ಮುಗಿಸಿ, ಕಾಪುವಿಗೆ ಹೋಗಿ ಮಿಂದು, ಕೈಗೆ ಲಿಂಬೆಹುಳಿ ತಿಕ್ಕಿಕೊಂಡು ಎರಡು ಬಸ್ಸು ಬದಲಿಸಿ ಅಭ್ಯಾಸಕ್ಕೆ ಬರುತ್ತಿದ್ದರು. ಬಂದು ನಿಂತರೆ ಕಂಬ. ಕೈ ಎಲ್ಲಿಡಬೇಕೆಂದು ತಿಳಿಯದು, ದನಿ ಗಂಟಲಿನಿಂದ ಮೇಲೆ ಬಾರದು.

"ಮಾರ್ಕೆಟಿನಲ್ಲಿ ಇರುವ ಹಾಗೇ ಇದ್ದರೆ ಸಾಕು ಗಿರಿಜಕ್ಕ" ಎಂದು ಮಾಷ್ಟ್ರು ಬೇಡಿಕೊಂಡರು.

"ಅದೇ ಬರುವುದಿಲ್ಲ ಸರ್. ಅಲ್ಲಿ ಎಲ್ಲ ಮೀನು ನೋಡ್ತಾರೆ. ಇಲ್ಲಿ ನನ್ನನ್ನು ನೋಡ್ತಾರೆ."

ಎರಡು ತಿಂಗಳು ಕಳೆದರೂ ಕೂದಲೆಳೆಯಷ್ಟು ಸುಧಾರಣೆ ಇಲ್ಲ. ಸ್ಪರ್ಧೆಗೆ ಹತ್ತು ದಿನ ಇರುವಾಗ ಮಾಷ್ಟ್ರು ನನ್ನನ್ನು ಬದಿಗೆ ಕರೆದು, "ನೀನೇ ಕರೆದುಕೊಂಡು ಬಂದದ್ದು, ನೀನೇ ಹೇಳು" ಎಂದರು. ಮರುದಿನ ಒಂದು ಗಂಟೆಗೆ ಮಾರ್ಕೆಟಿಗೆ ಹೋದೆ. ಗಿರಿಜಕ್ಕ ಹಲಗೆ ತೊಳೆಯುತ್ತಿದ್ದರು. ಈ ಸಲ ಬೇಡ, ಮುಂದಿನ ಸಲ ನೋಡೋಣ ಎಂದೇನೋ ತೊದಲಿದೆ. ಅವರು ತಲೆ ಎತ್ತಲಿಲ್ಲ.

"ಮಾಷ್ಟ್ರು ಕಳಿಸಿದ್ದಾ, ನೀನೇ ಬಂದದ್ದಾ?"

"ನಾನೇ ಬಂದದ್ದು" ಎಂದು ಸುಳ್ಳು ಹೇಳಿದೆ.

"ಹಾಗಾದ್ರೆ ಮಾಷ್ಟ್ರೇ ಹೇಳಲಿ."

ಆ ಭಾನುವಾರ ಗಿರಿಜಕ್ಕ ಎಲ್ಲರ ಎದುರೇ ಮಾಷ್ಟ್ರನ್ನು ಕೇಳಿದರು. ಮಾಷ್ಟ್ರು ಕನ್ನಡಕ ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ಒರೆಸಿಕೊಂಡರು. ಕೊನೆಗೆ ಹೇಳಿಯೇಬಿಟ್ಟರು: "ನಿಮಗೆ ಅಭಿನಯ ಬರುವುದಿಲ್ಲ ಗಿರಿಜಕ್ಕ."

"ಬರುವುದಿಲ್ಲ. ನನ್ನ ಮಗಳು ಅಭ್ಯಾಸಕ್ಕೆ ಬಂದು ಮೊಬೈಲಿನಲ್ಲಿ ತೆಗೆದ ವಿಡಿಯೊ ನಾನೂ ನೋಡಿದ್ದೇನೆ. ಇನ್ನು ಇಪ್ಪತ್ತು ವರ್ಷ ಮಾಡಿದರೂ ಬರಲಿಕ್ಕಿಲ್ಲ. ಒಂದೇ ಹೇಳಿ ಸರ್, ನನ್ನಿಂದ ನಾಟಕ ಹಾಳಾಗ್ತದಾ? ಹಾಳಾಗುವುದಾದ್ರೆ ಈಗಲೇ ಬಸ್ಸು ಹತ್ತುತ್ತೇನೆ."

ಮಾಷ್ಟ್ರಿಗೆ ಸುಳ್ಳು ಹೇಳಿ ಗೊತ್ತಿರಲಿಲ್ಲ.

"ಹಾಳಾಗುವುದಿಲ್ಲ. ಸ್ವಲ್ಪ ಸೊರಗುತ್ತದೆ."

"ಸ್ವಲ್ಪ ಅಲ್ವಾ?" ಎಂದು ಗಿರಿಜಕ್ಕ ಸೆರಗು ಸಿಕ್ಕಿಸಿ ತನ್ನ ಜಾಗಕ್ಕೆ ಹೋಗಿ ನಿಂತರು.

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಗಿರಿಜಕ್ಕ ಕಟಕಟೆಗೆ ಬಂದರು. ಮೊದಲ ಮಾತು ಸರಿ. ಎರಡನೆಯದೂ ಬಂತು. ಮೂರನೆಯದಕ್ಕೆ ನಿಂತುಬಿಟ್ಟರು. ನಾನು ಪ್ರಶ್ನೆಯನ್ನು ಮತ್ತೊಮ್ಮೆ ಕೇಳಿದೆ. ತುಟಿ ಅಲುಗಿತು, ದನಿ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆ ವರ್ಷದ ಶ್ರೇಷ್ಠ ನಟಿ ಬಹುಮಾನ ನನಗೇ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಕಣ್ಣೆದುರೇ ಕೈ ಜಾರುತ್ತಿತ್ತು. ನ್ಯಾಯಾಧೀಶನ ಕಡೆ ತಿರುಗಿ, ನಾಟಕದಲ್ಲಿ ಇಲ್ಲದ ಮಾತೊಂದನ್ನು ಆಡಿಬಿಟ್ಟೆ:

"ಸಾಕ್ಷಿಗೆ ಏನೂ ನೆನಪಿಲ್ಲ, ಮಹಾಸ್ವಾಮಿ. ಕೆಳಗಿಳಿಸಬಹುದು."

"ನೆನಪುಂಟು."

ಸಣ್ಣ ದನಿ. ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದು ಗಿರಿಜಕ್ಕ ನನ್ನನ್ನೇ ನೋಡುತ್ತಿದ್ದರು. "ನೆನಪುಂಟು" ಎಂದು ಮತ್ತೊಮ್ಮೆ ಹೇಳಿ, ಉಳಿದ ನಾಲ್ಕೂ ಮಾತುಗಳನ್ನು ಒಂದೇ ಸಮನೆ, ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿ ಇಳಿದು ಹೋದರು. ಅದು ಒಳ್ಳೆಯ ಅಭಿನಯವಾಗಿರಲಿಲ್ಲ. ತೀರ್ಪುಗಾರರು ಸಾಕ್ಷಿಯ ಪಾತ್ರ ದುರ್ಬಲ ಎಂದು ಬಾಯಿಬಿಟ್ಟೇ ಹೇಳಿದರು. ತಂಡಕ್ಕೆ ಯಾವ ಬಹುಮಾನವೂ ಬರಲಿಲ್ಲ. ನನ್ನದು ನನಗೆ ಬಂತು.

ಗ್ರೀನ್ ರೂಮಿನಲ್ಲಿ ಗಿರಿಜಕ್ಕ ಬಣ್ಣ ಒರೆಸಿಕೊಳ್ಳುತ್ತಿದ್ದರು. ಕ್ಷಮೆ ಕೇಳಬೇಕೆಂದು ಹೋದೆ. ನಾನು ಕೇಳುವ ಮೊದಲೇ ಅವರೇ ಹೇಳಿದರು: "ನೀನು ಹಾಗೆ ಹೇಳದಿದ್ರೆ ನನಗೆ ಬಾಯಿ ಬರ್ತಿರಲಿಲ್ಲ." ಮೆಚ್ಚಿ ಹೇಳಿದ್ದೋ ಚುಚ್ಚಿ ಹೇಳಿದ್ದೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮರುವರ್ಷ ಮಾಷ್ಟ್ರು ಮುಖ್ಯ ಪಾತ್ರವನ್ನು ಹೊಸ ಹುಡುಗಿಯೊಬ್ಬಳಿಗೆ ಕೊಟ್ಟು, ನನಗೆ ಅವಳ ಅಕ್ಕನ ಪಾತ್ರ ಹೇಳಿದರು. ಆಫೀಸಿನಲ್ಲಿ ಕೆಲಸ ಜಾಸ್ತಿ ಎಂದು ನಾನು ನಾಟಕವನ್ನೇ ಬಿಟ್ಟೆ. ಗಿರಿಜಕ್ಕನನ್ನು ಮಾಷ್ಟ್ರು ಕರೆಯಲಿಲ್ಲ. ಅವರು ಕಾರ್ಕಳದ ಒಂದು ತಂಡವನ್ನು ಹುಡುಕಿಕೊಂಡು ಹೋದರು.

ಕೊನೆಯ ಸಲ ಸಿಕ್ಕಿದ್ದು ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ, ಹೋದ ವರ್ಷ. ಸೊರಗಿದ್ದರು. ಬಸ್ಸಿನ ಮೆಟ್ಟಿಲಿಳಿದು ಸ್ವಲ್ಪ ಹೊತ್ತು ಕಂಬಕ್ಕೆ ಒರಗಿ ನಿಂತರು.

"ಈಗ ಎಂತ ಪಾತ್ರ ಅಕ್ಕ?"

"ಮದುವೆ ಮನೆಗೆ ಬಂದ ನೆಂಟರಲ್ಲಿ ಒಬ್ಬಳು. ಮಾತಿಲ್ಲ."

"ಬೇಸರ ಆಗುವುದಿಲ್ವಾ?"

"ಆಗ್ತದೆ. ಅಭಿನಯ ಬರುವವರನ್ನು ನೋಡಿದ್ರೆ ಹೊಟ್ಟೆ ಉರೀತದೆ. ನಿನ್ನನ್ನು ನೋಡಿಯೂ ಉರಿದದ್ದುಂಟು." ನಕ್ಕರು. "ಆದ್ರೆ ಭಾನುವಾರ ಮನೆಯಲ್ಲಿ ಕೂತುಕೊಂಡ್ರೆ ಅದಕ್ಕಿಂತ ಹೆಚ್ಚು ಬೇಸರ. ನೀನು ಯಾಕೆ ಬಿಟ್ಟದ್ದು?"

"ಪುರುಸೊತ್ತಿಲ್ಲ ಅಕ್ಕ."

ಮಾರ್ಕೆಟಿನಲ್ಲಿ ಗಿರಾಕಿಯ ಸುಳ್ಳು ಹಿಡಿಯುವಾಗ ನೋಡುವ ಹಾಗೆ ನನ್ನನ್ನು ನೋಡಿದರು. ನನ್ನ ನಂಬರು ಬರೆಸಿಕೊಂಡು ಹೋದರು.

ಕಳೆದ ತಿಂಗಳು ಕಾರ್ಕಳದಿಂದ ಫೋನ್ ಬಂತು, ಗುರುತಿಲ್ಲದ ಹೆಂಗಸಿನದು. ಗಿರಿಜಕ್ಕ ತೀರಿಕೊಂಡು ಹದಿನೈದು ದಿನವಾಯಿತಂತೆ. ನನಗೆ ಯಾರೂ ತಿಳಿಸಿರಲಿಲ್ಲ.

"ನಮ್ಮ ಹೊಸ ನಾಟಕ ಹತ್ತಿರ ಬಂತು ಮೇಡಂ. ತನಗೆ ಬರಲಿಕ್ಕೆ ಆಗದಿದ್ರೆ ನಿಮ್ಮನ್ನು ಕೇಳಿ ಅಂತ ಅವರೇ ನಂಬರ್ ಕೊಟ್ಟಿದ್ರು. ನಿಮ್ಮಂಥವರಿಗೆ ಹೇಳಲಿಕ್ಕೆ ಸಂಕೋಚ ಆಗ್ತದೆ. ಅವರ ಪಾತ್ರಕ್ಕೆ ಬರೀ ಎರಡು ಮಾತು ಉಂಟು."

ಲೈನು ಕಟ್ಟಾಯಿತೆಂದುಕೊಂಡು ಆಕೆ ಎರಡು ಸಲ "ಹಲೋ" ಎಂದರು.

"ಇದ್ದೇನೆ, ಹೇಳಿ" ಎಂದೆ. "ಅಭ್ಯಾಸ ಎಷ್ಟು ಗಂಟೆಗೆ?"