ಬೆನ್ನ ಮೇಲಿನ ಸೀಮೆಸುಣ್ಣ

ಇಂಗ್ಲಿಷ್ ಮೇಡಂ ಬೋರ್ಡನ್ನು ಬಲ ಅಂಗೈಯಲ್ಲೇ ಒರೆಸಿ, ಆ ಕೈಯನ್ನು ಸೀರೆಯ ಸೊಂಟಕ್ಕೆ ಒರೆಸಿಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಐದು ಬೆರಳಿನ ಬಿಳಿ ಗುರುತು ಮೂಡಿರುತ್ತಿತ್ತು. 'ಯಾವಾಗಲೂ' ಎಂದು ಬರೆಯಲು ಹೊರಟಿದ್ದೆ. ನಿಜ ಹೇಳಬೇಕೆಂದರೆ ನನಗೆ ಚೆನ್ನಾಗಿ ನೆನಪಿರುವುದು ಕೆಲವೇ ದಿನಗಳು; ಉಳಿದವನ್ನು ಮನಸ್ಸು ತಾನೇ ತುಂಬಿಕೊಂಡಿರಬಹುದು. ಈ ಅನುಮಾನವನ್ನು ಕಲಿಸಿದವರೂ ಅವರೇ. "ಆಲ್ವೇಸ್, ನೆವರ್ ಇವೆರಡನ್ನೂ ಸಾರಿಗೆ ಉಪ್ಪು ಹಾಕಿದಂಗೆ ಹಾಕ್ರಿ, ತಟ್ಟೆಗೆ ಮುದ್ದೆ ಹಾಕಿದಂಗಲ್ಲ," ಎನ್ನುತ್ತಿದ್ದರು.

ನಾನಾಗ ಶ್ರೀರಾಂಪುರದ ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸು. ಅಡ್ವರ್ಬ್ ಪಾಠದ ದಿನ ಮೇಡಂ ಬೋರ್ಡಿನ ಮೇಲೆ 'ಅವಳು ನಡೆಯುತ್ತಾಳೆ' ಎಂದು ಇಂಗ್ಲಿಷಿನಲ್ಲಿ ಬರೆದು ನಮ್ಮತ್ತ ತಿರುಗಿದರು.

"ನಡೀತಾಳೆ, ಸರಿ. ಇಷ್ಟಕ್ಕೇ ನಿಮಗೇನು ಗೊತ್ತಾಯ್ತು? ಕೇಳ್ರಿ ನನ್ನ."

ಹೆಂಗೆ? ಎಲ್ಲಿ? ಯಾವಾಗ? ಎಷ್ಟು ಸಲ? ಎಷ್ಟರ ಮಟ್ಟಿಗೆ? ಒಂದೊಂದು ಪ್ರಶ್ನೆಗೂ ಒಂದೊಂದು ಬಗೆಯ ಅಡ್ವರ್ಬ್ ಉತ್ತರ ಕೊಡುತ್ತದೆ ಎಂದರು. ಸ್ಲೋಲಿ ಎಂದರೆ ರೀತಿ, ಹಿಯರ್ ಎಂದರೆ ಜಾಗ, ಟುಡೇ ಎಂದರೆ ಕಾಲ, ಆಫನ್ ಎಂದರೆ ಎಷ್ಟು ಸಲ ಎಂಬುದು, ವೆರಿ ಎಂದರೆ ಎಷ್ಟರ ಮಟ್ಟಿಗೆ ಎಂಬುದು. ಹೇಳಿದ್ದನ್ನು ಮಾಡಿಸದೆ ಬಿಡುವವರಲ್ಲ. ಬಾಗಿಲಿಂದ ಕಿಟಕಿಯವರೆಗೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನಡೆಸಿದರು.

ನನ್ನ ಸರದಿ ಬಂದಾಗ ತಲೆ ತಗ್ಗಿಸಿ, ಗೋಡೆ ಸವರಿಕೊಂಡು ಹೋದೆ.

"ಮೇಡಂ, ಇವಳು ಕೋಳಿ ಕದ್ದೋಳಂಗೆ ನಡೀತಾಳೆ!" ಎಂದ ಹಿಂದಿನ ಬೆಂಚಿನ ಹುಡುಗ. ಕ್ಲಾಸೆಲ್ಲ ನಕ್ಕಿತು.

"ಉತ್ತರ ಸರಿ ಐತೆ ಕಣಪ್ಪ. ಅದನ್ನೇ ಇಂಗ್ಲಿಷಿನಾಗೆ ಹೇಳು ನೋಡಾಣ," ಎಂದರು ಮೇಡಂ. ಅವನು ಬೆಂಚಿನ ಕೆಳಗೆ ಬಗ್ಗಿ ಪೆನ್ನು ಹುಡುಕತೊಡಗಿದ. ಅವರು ನನ್ನ ಬೆನ್ನ ಮೇಲೆ ಅಂಗೈ ಇಟ್ಟು, "ಇನ್ನೊಂದ್ಸಲ. ಈಗ ಬ್ರೇವ್ಲಿ," ಎಂದು ಮೆಲ್ಲಗೆ ಮುಂದಕ್ಕೆ ತಳ್ಳಿದರು.

ಸಂಜೆ ಯೂನಿಫಾರಂ ಮೇಲಿನ ಬಿಳಿ ಕೈಗುರುತು ನೋಡಿ ಅವ್ವ ಗಾಬರಿಯಾದಳು. "ಯಾರೇ ಹೊಡೆದೋರು?"

"ಹೊಡೀಲಿಲ್ಲವ್ವಾ, ನಡೆಸಿದ್ರು."

ಹತ್ತನೇ ಕ್ಲಾಸು ಪಾಸಾಯಿತು. ಮುಂದೆ ಓದಲು ಹೊಸದುರ್ಗದ ಹಾಸ್ಟೆಲಿನಲ್ಲಿರಬೇಕಿತ್ತು. ಕುರಿ ಕಾಯುವ ಅಪ್ಪ ಬೇಡವೇ ಬೇಡ ಎಂದ. ಸುದ್ದಿ ತಿಳಿದು ಮೇಡಂ ಮನೆಗೇ ಬಂದರು. ನಾನು ಕುರಿಹಟ್ಟಿಯ ಬೇಲಿಯ ಹಿಂದೆ ನಿಂತಿದ್ದೆ.

"ಕುಂತ್ಕಳ್ರಿ ಮೇಡಂ," ಎಂದು ಅಪ್ಪ ಕಂಬಳಿ ಹಾಸಿದ. ಆದರೆ ಮಾತು ಸಡಿಲಿಸಲಿಲ್ಲ. "ಓದಿಸ್ಬಾರ್ದು ಅಂತಲ್ರಿ. ನಾನು ನೋಡದ ದಾರಿಗೆ ಕುರೀನೂ ಬಿಡಲ್ಲ. ಮಗಳನ್ನ ಹೆಂಗ್ ಬಿಡ್ಲಿ?"

ಮೇಡಂ ಈಗ ಉಪದೇಶ ಶುರುಮಾಡುತ್ತಾರೆ ಅಂದುಕೊಂಡೆ. ಮಾಡಲಿಲ್ಲ.

"ಸರಿಯಾಗೇ ಹೇಳಿದ್ರಿ. ಹಂಗಾದ್ರೆ ದಾರಿ ನೋಡ್ಕಂಡು ಬರಾಣ, ನಡೀರಿ."

ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಹೋದರು. ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತಂತೆ. ಅಪ್ಪ ಹೇಳುವಂತೆ ಮೇಡಂ ಅವನನ್ನು ಕೂರಿಸಿ ತಾವು ನಿಂತರು. ಅವ್ವ ಮೇಡಂ ಬಾಯಿಂದ ಕೇಳಿ ಹೇಳುವಂತೆ ನಿಂತವನು ಅಪ್ಪ. ನಾನು ಆ ಬಸ್ಸಿನಲ್ಲಿರಲಿಲ್ಲ, ಯಾರ ಮಾತನ್ನೂ ಸುಳ್ಳೆನ್ನಲಾರೆ. ಇಬ್ಬರೂ ಒಪ್ಪುವ ಮಾತೆಂದರೆ, ಬಸ್‌ಸ್ಟ್ಯಾಂಡಿನಿಂದ ಹಾಸ್ಟೆಲಿಗೂ ಹಾಸ್ಟೆಲಿನಿಂದ ಕಾಲೇಜಿಗೂ ಮೇಡಂ ಅಪ್ಪನನ್ನು ನಡೆಸಿಕೊಂಡು ಹೋದರು. ಅಪ್ಪ ಗೇಟಿನ ಚಿಲಕ ಎಳೆದು ನೋಡಿದ, ನಲ್ಲಿ ತಿರುಗಿಸಿ ನೋಡಿದ, ಅಡುಗೆಯಮ್ಮನ ಊರು ಯಾವುದೆಂದು ವಿಚಾರಿಸಿದ. ಸಂಜೆ ಮನೆಗೆ ಬಂದು ಕಂಬಳಿ ಕೊಡವುತ್ತ ಅಂದ: "ಹೋಗ್ಲಿ ಬಿಡು. ದಾರಿ ನೋಡೀನಿ."

ಆ ದಾರಿ ನನ್ನನ್ನು ವಿಶ್ವವಿದ್ಯಾಲಯದವರೆಗೆ ಕರೆದೊಯ್ದಿತು.

ನಿವೃತ್ತಿಯ ನಂತರ ಮೇಡಂ ಚಿತ್ರದುರ್ಗದಲ್ಲಿ ತಂಗಿಯ ಮನೆಯಲ್ಲಿದ್ದರು. ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿದ್ದಾಗ ನೋಡಲು ಹೋದೆ. ಬಾಗಿಲಿಂದ ಕಿಟಕಿಯವರೆಗೆ ನಡೆದೇ ತೀರುತ್ತೇನೆಂದು ಹಟ ಹಿಡಿದರು. ನಾನು ಬೆನ್ನಿಗೆ ಕೈ ಕೊಟ್ಟೆ.

"ಹೆಂಗ್ ನಡೀತಿದೀನಿ, ಹೇಳು."

"ಸ್ಲೋಲಿ, ಮೇಡಂ."

"ಎಷ್ಟರ ಮಟ್ಟಿಗೆ?"

"ವೆರಿ ಸ್ಲೋಲಿ."

"ಲೇ, ಬ್ರೇವ್ಲಿ ಅನ್ನೇ!"

ಇಬ್ಬರೂ ನಕ್ಕೆವು. ಕಿಟಕಿಯ ಸರಳು ಹಿಡಿದು ಸುಧಾರಿಸಿಕೊಂಡ ಮೇಲೆ ಕೇಳಿದರು: "ಬರ್ತಿರ್ತೀಯಾ?"

"ಯಾವಾಗ್ಲೂ ಬರ್ತೀನಿ."

"ಉಪ್ಪು ಜಾಸ್ತಿಯಾಯ್ತು. ಆಗಾಗ ಅನ್ನು, ನಂಬ್ತೀನಿ."

ಆಗಾಗ ಹೋದೆ. ಅವರು ನಂಬಿದ್ದಷ್ಟನ್ನು ಉಳಿಸಿಕೊಂಡೆ, ಅಷ್ಟೇ.

ಮೇಡಂ ತೀರಿಕೊಂಡ ದಿನ ಅಪ್ಪನೂ ನನ್ನ ಜೊತೆ ಬಂದಿದ್ದ. ಮಂಡಿನೋವಿದ್ದರೂ ವಾಹನ ಹತ್ತಲಿಲ್ಲ, ಸ್ಮಶಾನದವರೆಗೆ ಹಿಂದೆ ಹಿಂದೆಯೇ ನಡೆದ. ಎಲ್ಲ ಮುಗಿದು ವಾಪಸು ಹೊರಟಾಗ ಗೇಟಿನ ಬಳಿ ನಿಂತು, ಒಮ್ಮೆ ತಿರುಗಿ ನೋಡಿ, ನನಗೆ ಮಾತ್ರ ಕೇಳುವ ಹಾಗೆ ಅಂದ:

"ನೋಡದ ದಾರಿಗೆ ಒಬ್ಬರನ್ನೇ ಬಿಟ್ಟು ಬಂದಂಗಾತಲ್ಲೇ."